ಗೀಸರ್ ಆನ್ ಆದ ಹೊತ್ತು ಯಾರಿಗೆ ಗೊತ್ತಾಗಬೇಕು?

ಪ್ರಶ್ನೆ: ನಮ್ಮದು ಬನ್ನೇರುಘಟ್ಟ ರಸ್ತೆ ಕಡೆ 148 ಮನೆಗಳ, ಮೂರು ಬ್ಲಾಕ್‌ಗಳ ಅಪಾರ್ಟ್‌ಮೆಂಟ್. ಎಲ್ಲಕ್ಕೂ ಸೇರಿ ಬೆಸ್ಕಾಂನ ಒಂದೇ ಕನೆಕ್ಷನ್. ಬಿಲ್ ಸಂಘಕ್ಕೆ ಬರುತ್ತದೆ, ನಾವು ಮನೆಮನೆಗೆ ಹಂಚುತ್ತೇವೆ. ಈಗ ಹಳೇ ಮೀಟರ್ ತೆಗೆಸಿ, 15 ನಿಮಿಷಕ್ಕೊಮ್ಮೆ ರೀಡಿಂಗ್ ಕಳಿಸುವ ಸ್ಮಾರ್ಟ್ ಮೀಟರ್ ಹಾಕಿಸಿದ್ದೇವೆ. ಈ ಡೇಟಾ ನೋಡಿ ಚಾವಣಿಗೆ ಎಷ್ಟು ಸೋಲಾರ್ ಬೇಕು, ಎಲೆಕ್ಟ್ರಿಕ್ ಕಾರುಗಳ ಚಾರ್ಜಿಂಗನ್ನು ಟ್ರಾನ್ಸ್‌ಫಾರ್ಮರ್ ತಡೆಯುತ್ತದಾ ಅಂತ ಲೆಕ್ಕ ಹಾಕುವ ಯೋಚನೆ ಕಮಿಟಿಯದು. ಲಾಬಿಯ ಟಿವಿಯಲ್ಲಿ ಯಾವ ಮನೆ ಎಷ್ಟು ಬಳಸುತ್ತಿದೆ ಅಂತ ತೋರಿಸೋಣ ಅನ್ನುವವರೂ ಇದ್ದಾರೆ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಪ್ರಾಜೆಕ್ಟ್‌ಗೆ ಡೇಟಾ ಕೇಳಿದ್ದಾರೆ. ಹೆಸರು ತೆಗೆದು ಕೊಟ್ಟರಾಯಿತು ಅಂದುಕೊಂಡಿದ್ದೇವೆ. ಆದರೆ ಒಬ್ಬರೇ ಇರುವ ಹಿರಿಯ ಮಹಿಳೆಯೊಬ್ಬರು “ನನ್ನ ಮನೆ ಲೆಕ್ಕ ಕಾಲು ಗಂಟೆಗೊಂದು ಸಲ ನಿಮಗೆ ಯಾಕೆ?” ಅಂತ ಪತ್ರ ಕೊಟ್ಟಿದ್ದಾರೆ. ಉಳಿದವರು “ಯೂನಿಟ್ ಲೆಕ್ಕ ತಾನೇ, ಅದರಲ್ಲೇನು ಗುಟ್ಟು?” ಅನ್ನುತ್ತಿದ್ದಾರೆ. ಏನು ಮಾಡುವುದು?
— ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ:

ಮೇಡಂ, ಆ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮೀಟರ್ ಆರ್ಡರ್ ಮಾಡುವ ಮೊದಲೇ ಕಮಿಟಿ ಕೇಳಿಕೊಳ್ಳಬೇಕಿದ್ದ ಪ್ರಶ್ನೆಯನ್ನು ಅವರು ಒಂದೇ ಸಾಲಿನಲ್ಲಿ ಕೇಳಿದ್ದಾರೆ.

ಮೊದಲು “ಅದರಲ್ಲೇನು ಗುಟ್ಟು” ಅನ್ನುವವರಿಗೆ ಉತ್ತರ ಹೇಳುತ್ತೇನೆ. ತಿಂಗಳಿಗೊಂದು ರೀಡಿಂಗ್ ಇದ್ದಾಗ ಅವರ ಮಾತು ಹೆಚ್ಚುಕಡಿಮೆ ಸರಿಯೇ. 180 ಯೂನಿಟ್ ಅಂದರೆ ಅಷ್ಟೇ. ಅದರಿಂದ ಆ ಮನೆಯವರ ಬದುಕಿನ ಬಗ್ಗೆ ಏನೂ ತಿಳಿಯುವುದಿಲ್ಲ. 15 ನಿಮಿಷಕ್ಕೊಂದು ಅಂದರೆ ದಿನಕ್ಕೆ 96 ರೀಡಿಂಗ್, 30 ದಿನಕ್ಕೆ 2,880. ಎಣಿಕೆ ಜಾಸ್ತಿಯಾಯಿತು ಅಂತಷ್ಟೇ ಅಲ್ಲ, ಲೆಕ್ಕದ ಜಾತಿಯೇ ಬದಲಾಯಿತು. ತಿಂಗಳ ರೀಡಿಂಗ್ ಎಷ್ಟು ಅಂತ ಹೇಳುತ್ತದೆ. ಇದು ಯಾವಾಗ ಅಂತ ಹೇಳುತ್ತದೆ.

ಒಂದು ಮನೆಯ ದಿನ ನೋಡೋಣ. ರಾತ್ರಿಯೆಲ್ಲ ಫ್ರಿಜ್ಜು, ಫ್ಯಾನು, ವೈಫೈ ಡಬ್ಬಿ. ಗೆರೆ ನೆಲಕ್ಕಂಟಿಕೊಂಡು ಹೋಗುತ್ತದೆ. ಐದೂವರೆಗೆ ಟಪ್ ಅಂತ ಮೇಲೇಳುತ್ತದೆ. 2 ಕಿಲೋವ್ಯಾಟ್‌ನ ಗೀಸರ್ ಕಾಲು ಗಂಟೆ ಉರಿದರೆ ಅರ್ಧ ಯೂನಿಟ್. ಅದನ್ನು ಬಚ್ಚಿಡೋಕೆ ಆಗುವುದೇ ಇಲ್ಲ. ಎಷ್ಟು ಸಲ ಮೇಲೆದ್ದಿತು ಅಂತ ನೋಡಿದರೆ ಎಷ್ಟು ಜನ ಸ್ನಾನ ಮಾಡಿದರು ಅಂತ ಅಂದಾಜು ಸಿಗುತ್ತದೆ. ಎಂಟೂವರೆಗೆ ಗೆರೆ ಮತ್ತೆ ಕೆಳಗೆ: ಮನೆ ಖಾಲಿ. ಶನಿವಾರ, ಭಾನುವಾರ ಪೂರ್ತಿ ಕೆಳಗೆ: ಊರಿಗೆ ಹೋಗಿದ್ದಾರೆ. ಪ್ರತಿ ರಾತ್ರಿ ಮೂರರವರೆಗೆ ಎಸಿ, ಕಂಪ್ಯೂಟರ್ ಓಡುತ್ತಿದ್ದರೆ? ಅಮೆರಿಕದ ಶಿಫ್ಟ್ ಕೆಲಸ. ಬೆಂಗಳೂರಿನಲ್ಲಿ ಇದನ್ನು ಊಹಿಸಲು ಜ್ಯೋತಿಷಿ ಬೇಕಿಲ್ಲ. ಎಷ್ಟೋ ದಿನ ಖಾಲಿ ಇದ್ದ ಮನೆಯಲ್ಲಿ ಹಗಲೂ ರಾತ್ರಿ ಬಳಕೆ ಶುರುವಾದರೆ ಯಾರೋ ಹಾಸಿಗೆ ಹಿಡಿದಿರಬಹುದು, ಬಾಣಂತಿ ಇರಬಹುದು, ಕೆಲಸ ಹೋಗಿರಬಹುದು. ಊಹೆ ತಪ್ಪೂ ಆಗಬಹುದು. ಆದರೆ ಲಿಫ್ಟಿನಲ್ಲಿ ಮಾತಾಡಿಕೊಳ್ಳುವವರಿಗೆ ಊಹೆ ತಪ್ಪಾದರೂ ನಡೆಯುತ್ತದೆ, ಅಲ್ವಾ?

ರೀಡಿಂಗ್ ಇನ್ನೂ ಹತ್ತಿರ ಹತ್ತಿರವಾದರೆ ಇನ್ನಷ್ಟು ಕಾಣುತ್ತದೆ. 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ ಅನ್ನುವ ಸಂಶೋಧಕರು ಒಂದು ವಿದ್ಯೆ ರೂಪಿಸಿದರು. ಮನೆಯ ಹೊರಗಿನ ಒಂದೇ ಅಳತೆ ನೋಡಿ ಒಳಗೆ ಯಾವ ಉಪಕರಣ ಯಾವಾಗ ಆನ್ ಆಯಿತು, ಆಫ್ ಆಯಿತು ಅಂತ ಬಿಡಿಸಿ ಹೇಳುವ ವಿದ್ಯೆ ಅದು. ಫ್ರಿಜ್ಜಿನ ಕಂಪ್ರೆಸರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಎಲ್ಲಕ್ಕೂ ತನ್ನದೇ ಹೆಜ್ಜೆ ಗುರುತು ಇದೆ. ನನಗೆ ಹಿಡಿಸಿದ ವಿಷಯ ಬೇರೆ. ಆ ವಿದ್ಯೆಯನ್ನು ಪೂರ್ತಿ ವಿವರಿಸಿದ ಅವರ ಹೆಸರಾಂತ ಪ್ರಬಂಧ ಬಂದಿದ್ದು 1992ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1989ರಲ್ಲಿ, ಇದು ಮನೆಯವರ ಮೇಲೆ ಕಣ್ಣಿಡುವುದಕ್ಕೂ ಬಳಕೆಯಾದೀತು ಅಂತ ಅವರೇ ಒಂದು ಲೇಖನ ಬರೆದಿದ್ದರು. 2011ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡು ಸೆಕೆಂಡಿಗೊಮ್ಮೆ ರೀಡಿಂಗ್ ಕಳಿಸುವ ಮೀಟರ್ ಇಟ್ಟುಕೊಂಡು, ಟಿವಿಯಲ್ಲಿ ಓಡುತ್ತಿರುವುದು ಯಾವ ಸಿನಿಮಾ ಅಂತ ಗುರುತಿಸಬಹುದೆಂದು ತೋರಿಸಿದರು. ಪರದೆಯಲ್ಲಿ ಬೆಳಕಿನ ದೃಶ್ಯ ಬಂದಾಗ ಟಿವಿ ಸ್ವಲ್ಪ ಜಾಸ್ತಿ ಕರೆಂಟ್ ಎಳೆಯುತ್ತದೆ, ಕತ್ತಲ ದೃಶ್ಯಕ್ಕೆ ಕಡಿಮೆ. ಆ ಏರಿಳಿತವೇ ಸಾಕಾಯಿತು.

ನಿಮ್ಮ 15 ನಿಮಿಷದ ಮೀಟರಿಗೆ ಸಿನಿಮಾ ಕಾಣುವುದಿಲ್ಲ, ಹೆದರಬೇಡಿ. ಮಿಕ್ಸಿಯೂ ಸರಿಯಾಗಿ ಕಾಣುವುದಿಲ್ಲ. ಆದರೆ ಏಳುವ ಹೊತ್ತು, ಮಲಗುವ ಹೊತ್ತು, ಮನೆ ಖಾಲಿ ಇರುವ ಹೊತ್ತು ಚೆನ್ನಾಗಿಯೇ ಕಾಣುತ್ತದೆ. ಒಂಟಿಯಾಗಿರುವವರಿಗೆ ಹೆದರಿಕೆ ಹುಟ್ಟಿಸಲು ಈ ಮೂರು ಸಾಲದೇ?

ಈಗ ನಿಮ್ಮ ಕೆಲಸಗಳನ್ನು ಒಂದೊಂದಾಗಿ ನೋಡೋಣ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದಕ್ಕೆ ಮನೆಮನೆಯ ಲೆಕ್ಕ ನಿಜವಾಗಿ ಬೇಕಾ?

ಸೋಲಾರ್ ನೀವು ಲಿಫ್ಟು, ನೀರಿನ ಪಂಪು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಕಾರಿಡಾರ್ ದೀಪಗಳಿಗೆ ಅಂತ ಯೋಚಿಸಿದ್ದರೆ ಅವುಗಳ ಲೆಕ್ಕ ಮನೆ ಮೀಟರಿನಲ್ಲಿ ಇಲ್ಲವೇ ಇಲ್ಲ. ಮನೆಗಳಿಗೂ ಸೇರಿಸಿ ಅಂದುಕೊಂಡಿದ್ದರೆ ಬೇಕಾದ್ದು ಎಲ್ಲ ಮನೆಗಳ ಹಗಲಿನ ಒಟ್ಟು ಬಳಕೆ. ಅದು ಮುಖ್ಯ ಮೀಟರಿನಲ್ಲಿ ಸಿಗುತ್ತದೆ.

ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಲ್ಲೇ ಹೆಚ್ಚಿನ ಕಮಿಟಿಗಳು ಎಡವುವುದು. “ಪ್ರತಿ ಮನೆಯ ಗರಿಷ್ಠ ಬಳಕೆ ಗೊತ್ತಾದರೆ ಕೂಡಿಸಿ ನೋಡಬಹುದಲ್ಲ” ಅನ್ನುತ್ತಾರೆ. ಕೂಡಿಸಿದರೆ ತಪ್ಪು ಉತ್ತರ ಬರುತ್ತದೆ. ನಿಮ್ಮ ಗೀಸರ್ ಐದೂವರೆಗೆ, ಎದುರು ಮನೆಯವರದು ಏಳಕ್ಕೆ, ಶಿಫ್ಟ್ ಕೆಲಸದವರದು ಮಧ್ಯಾಹ್ನ. 148 ಗೀಸರ್ ಒಟ್ಟಿಗೆ ಉರಿಯುವ ದಿನ ಬರುವುದಿಲ್ಲ. ಟ್ರಾನ್ಸ್‌ಫಾರ್ಮರಿಗೆ ತಿಳಿದಿರುವುದು ಒಂದೇ, ಈ ಕ್ಷಣದ ಒಟ್ಟು ಹೊರೆ. ಅದನ್ನು ಅಳೆಯಬೇಕಾದ್ದು ಟ್ರಾನ್ಸ್‌ಫಾರ್ಮರಿನ ಬುಡದಲ್ಲೇ. ಪ್ಯಾನೆಲ್‌ನಲ್ಲಿ ಮೀಟರ್ ಇಲ್ಲದಿದ್ದರೆ ಒಂದನ್ನು ಹಾಕಿಸಿ. ಮೂರು ಬ್ಲಾಕ್‌ಗಳಿಗೂ ಒಂದೊಂದು ಹಾಕಿಸಿದರೆ ಇನ್ನೂ ಒಳ್ಳೆಯದು. ಕಾರುಗಳ ಹೊರೆ ಹೇಗೂ ಮನೆ ಮೀಟರಿನಲ್ಲಿ ಇಲ್ಲ, ಅದು ಮುಂದೆ ಬರಬೇಕಾದ್ದು. 30 ಕಾರು 3.3 ಕಿಲೋವ್ಯಾಟ್‌ನಂತೆ ಒಟ್ಟಿಗೆ ಚಾರ್ಜಿಗೆ ನಿಂತರೆ 99 ಕಿಲೋವ್ಯಾಟ್. ರಾತ್ರಿ ಹನ್ನೊಂದರ ಮೇಲೆ ಅಷ್ಟು ಜಾಗ ಇದೆಯಾ ಅನ್ನುವುದನ್ನು ಆ ಒಂದೇ ಮೀಟರಿನ ಮೂರು ತಿಂಗಳ ಗೆರೆ ಹೇಳುತ್ತದೆ. ಯಾರ ಮನೆಯೊಳಗೂ ಇಣುಕಬೇಕಿಲ್ಲ.

ಬಿಲ್ಲಿಗೆ ಮಾತ್ರ ಮನೆಮನೆಯ ಲೆಕ್ಕ ಬೇಕು. ತಿಂಗಳಿಗೊಂದು ಸಾಕು. ಪ್ರೀಪೇಯ್ಡ್ ಆದರೆ ದಿನಕ್ಕೊಂದು. ಜನರೇಟರ್ ಯೂನಿಟ್ಟಿಗೆ ಬೇರೆ ದರ ಅಂದರೆ ಮೀಟರೇ ಎರಡು ಖಾತೆಯಲ್ಲಿ ಬೇರೆ ಬೇರೆ ಕೂಡಿಸಿಟ್ಟುಕೊಂಡಿರುತ್ತದೆ, ಎರಡು ಅಂಕಿ ತೆಗೆದುಕೊಂಡರಾಯಿತು.

ನೋಡಿ, ಇಷ್ಟು ಹೊತ್ತಿಗೆ 15 ನಿಮಿಷದ ಮನೆ ಡೇಟಾಕ್ಕೆ ಕೆಲಸವೇ ಉಳಿಯಲಿಲ್ಲ. ಮೀಟರಿಗೆ ಆ ಶಕ್ತಿ ಇದೆ ಅಂತ ತೆಗೆದುಕೊಳ್ಳುತ್ತಿದ್ದೀರಿ, ಬೇಕು ಅಂತ ಅಲ್ಲ.

ಲಾಬಿಯ ಟಿವಿ ವಿಷಯಕ್ಕೆ ನನ್ನ ಉತ್ತರ ಸೀದಾ: ಬೇಡ. ಈಗಿನ ಡೇಟಾಕ್ಕೂ ಹಳೆಯದಕ್ಕೂ ದೊಡ್ಡ ವ್ಯತ್ಯಾಸ ಇದೆ. ಹೋದ ತಿಂಗಳು ಯಾರೋ ಊರಿನಲ್ಲಿ ಇರಲಿಲ್ಲ ಅನ್ನುವುದು ಹರಟೆಗೆ ಆದೀತು. ಈ ಕ್ಷಣ 304ರಲ್ಲಿ ಯಾರೂ ಇಲ್ಲ ಅನ್ನುವುದು ಕಳ್ಳನಿಗೆ ಕೊಟ್ಟ ಕರೆಯೋಲೆ. ಬ್ಲಾಕ್‌ಗೆ ಬ್ಲಾಕ್ ಪೈಪೋಟಿ ಇಡಿ, ಬೇಕಾದರೆ ಗೆದ್ದ ಬ್ಲಾಕ್‌ಗೆ ಮೈಸೂರು ಪಾಕ್ ಹಂಚಿ. ಮನೆಯ ಲೆಕ್ಕ ಮಾತ್ರ ಆ ಮನೆಯವರ ಫೋನಿನಲ್ಲೇ ಇರಲಿ.

ನನ್ನದೇ ಒಂದು ಅನುಭವ. ಕೆಲವು ವರ್ಷಗಳ ಹಿಂದೆ ನಾನು ಬಾಡಿಗೆಗಿದ್ದ ಒಂದು ಸಮುಚ್ಚಯದಲ್ಲಿ ಖಜಾಂಚಿ ಪ್ರತಿ ವಾರ ಮನೆವಾರು ಯೂನಿಟ್ಟಿನ ಎಕ್ಸೆಲ್ ಶೀಟನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಿದ್ದರು. ಪಾರದರ್ಶಕತೆ ಅಂತ. ನಾನು ಹತ್ತು ದಿನ ಶಿವಮೊಗ್ಗಕ್ಕೆ ಹೋಗಿದ್ದೆ, ಯಾರಿಗೂ ಹೇಳಿರಲಿಲ್ಲ. ಆರನೇ ದಿನ ಒಬ್ಬರ ಫೋನು: “ಸರ್, ನೀವು ಊರಲ್ಲಿ ಇಲ್ಲ ಅಲ್ವಾ, ನಿಮ್ಮ ಪಾರ್ಕಿಂಗ್ ಜಾಗದಲ್ಲಿ ನಮ್ಮ ನೆಂಟರ ಕಾರು ನಿಲ್ಲಿಸಲಾ?” ಪಾಪ, ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ಫೋನು ಮಾಡುತ್ತಿರಲಿಲ್ಲ.

ನಾನು ಇಲ್ಲಿಯವರೆಗೆ ಕಂಡ ಸೋರಿಕೆಗಳೆಲ್ಲ ಹೀಗೇ. ಹ್ಯಾಕರ್ ಬಂದು ಮೀಟರ್ ಒಡೆದಿದ್ದನ್ನು ನಾನು ಕಂಡಿಲ್ಲ. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಕೆಲಸ ಬಿಟ್ಟು ಹೋದ ಮ್ಯಾನೇಜರನ ಫೋನಿನಲ್ಲಿ ಇನ್ನೂ ತೆರೆದೇ ಇರುವ ಲಾಗಿನ್, ಸೆಕ್ಯೂರಿಟಿ ಟೇಬಲ್ ಮೇಲಿನ ಪ್ರಿಂಟ್‌ಔಟ್. ಹೀಗೇ ಇರುತ್ತದೆ.

ಮನೆಯೊಳಗಿನ ಮಾತೂ ಇದೆ, ಇದನ್ನು ಯಾರೂ ಯೋಚಿಸುವುದಿಲ್ಲ. ಆ್ಯಪ್ ಯಾರ ಫೋನಿನಲ್ಲಿ? ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿ. ಮಾಲೀಕರು ದುಬೈಯಲ್ಲಿ ಇರುತ್ತಾರೆ, ಮನೆಯಲ್ಲಿ ಬಾಡಿಗೆಯವರು. ಬಾಡಿಗೆಯವರು ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾರೆ, ವಾರಾಂತ್ಯಕ್ಕೆ ನೆಂಟರು ಬಂದರಾ ಅಂತ ಅವರು ಅಲ್ಲಿಂದಲೇ ನೋಡಬಹುದು. ಗಂಡನ ಫೋನಿನಲ್ಲಿ ಆ್ಯಪ್ ಇದ್ದರೆ ಹೆಂಡತಿ ಹಗಲೆಲ್ಲ ಏನು ಮಾಡಿದಳು ಅನ್ನುವುದಕ್ಕೆ ಒಂದು ಗ್ರಾಫ್ ಸಿಕ್ಕಿತು. ಎಲ್ಲ ಮನೆಯಲ್ಲೂ ಅದು ತಮಾಷೆಯ ವಿಷಯ ಆಗಿರುವುದಿಲ್ಲ. ಹಾಗಾಗಿ ಲಾಗಿನ್ ವಾಸ ಇರುವವರಿಗೆ ಕೊಡಿ, ಮಾಲೀಕರಿಗೆ ತಿಂಗಳ ಬಿಲ್ ಮಾತ್ರ ಕಾಣಲಿ. ಬಾಡಿಗೆಯವರು ಬದಲಾದ ದಿನ ಹಳಬರ ಚರಿತ್ರೆ ಅಳಿಸಿಹೋಗಲಿ. ಆ್ಯಪ್ ತೆರೆದ ಕೂಡಲೇ ಕಾಣಬೇಕಾದ್ದು ದಿನದ ಮೊತ್ತ, ಕಾಲು ಗಂಟೆಯ ಗ್ರಾಫ್ ಅಲ್ಲ.

ಕಾಲೇಜಿನ ಮಕ್ಕಳ ವಿಷಯಕ್ಕೆ ಬರೋಣ. ಹೆಸರು ಮತ್ತು ಮನೆ ನಂಬರ್ ತೆಗೆದರೆ ಸಾಲದು. ಯಾಕೆ ಅಂತ ಹೇಳುತ್ತೇನೆ. ನಿಮ್ಮ ಪಕ್ಕದ ಮನೆಯವರು ದಸರೆಗೆ ಯಾವ ದಿನ ಹೋದರು, ಯಾವ ದಿನ ಬಂದರು ಅಂತ ನಿಮಗೆ ಗೊತ್ತು. 148 ಸಾಲುಗಳಲ್ಲಿ ಸರಿಯಾಗಿ ಅದೇ ದಿನ ಮಲಗಿ ಅದೇ ದಿನ ಎದ್ದ ಸಾಲು ಎಷ್ಟು ಇದ್ದೀತು? ಒಂದೋ ಎರಡೋ. ಅವರ ಒಂದು ತಿಂಗಳ ಬಿಲ್ ನೋಡಿದ್ದರೂ ಸಾಕು, ಕೂಡಿಸಿ ತಾಳೆ ನೋಡಬಹುದು. ಸಾಲು ಸಿಕ್ಕಿತು ಅಂದರೆ ವರ್ಷದ ಪೂರ್ತಿ ದಿನಚರಿ ಸಿಕ್ಕ ಹಾಗೆ. ಹೆಸರಿಲ್ಲದ ಡೇಟಾ ಅಂದರೆ ಮುಖ ಮುಚ್ಚಿಕೊಂಡ ಮನುಷ್ಯ. ನಡಿಗೆ ನೋಡಿದರೆ ಪರಿಚಯದವರಿಗೆ ಗೊತ್ತಾಗುತ್ತದೆ.

ಮನೆಗಳನ್ನು ಕೂಡಿಸಿ ಕೊಡುವುದು ಉತ್ತಮ. ಆದರೆ ಎಷ್ಟು ಮನೆ? ಆರು ಮನೆ ಕೂಡಿಸಿ ಕೊಟ್ಟಿರಿ ಅಂತಿಟ್ಟುಕೊಳ್ಳಿ. ದೀಪಾವಳಿಗೆ ಐದು ಮನೆ ಊರಿಗೆ ಹೋದರೆ, ಆ ಮೊತ್ತವೆಲ್ಲ ಉಳಿದ ಒಂದು ಮನೆಯದೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 15/15 ಅನ್ನುವ ಒಂದು ನಿಯಮ ಬಳಕೆಯಲ್ಲಿದೆ. ಗುಂಪಿನಲ್ಲಿ ಕನಿಷ್ಠ 15 ಗ್ರಾಹಕರು ಇರಬೇಕು, ಯಾವ ಒಬ್ಬರ ಪಾಲೂ ಒಟ್ಟಿನ ಶೇ 15ನ್ನು ದಾಟಬಾರದು. ಎರಡನೆಯ ಷರತ್ತು ಜಾಣತನದ್ದು, ಖಾಲಿ ಮನೆಗಳ ತೊಂದರೆಗೆ ಅದೇ ಮದ್ದು. ನಿಮ್ಮಲ್ಲಿ ಬ್ಲಾಕ್‌ಗೆ 50ರ ಆಸುಪಾಸು ಮನೆಗಳಿವೆ, ಬ್ಲಾಕ್ ಮೊತ್ತ ಕೊಡಲು ಅಡ್ಡಿಯಿಲ್ಲ. ಮನೆಮನೆಯದೇ ಬೇಕು ಅಂತ ಮಕ್ಕಳು ಹಟ ಹಿಡಿದರೆ ಎರಡು ದಾರಿ ತೋರಿಸಿ. ಒಂದು, ಸಂಶೋಧನೆಗೆಂದೇ ಒಪ್ಪಿಗೆ ಪಡೆದು ಬಿಡುಗಡೆ ಮಾಡಿರುವ ಡೇಟಾ ಇದೆ. ದಿಲ್ಲಿಯ ಐಐಐಟಿಯವರು 2013ರಲ್ಲಿ ಅಲ್ಲಿನ ಒಂದು ಮನೆಯ 73 ದಿನಗಳ ಅಳತೆ ಹೊರತಂದಿದ್ದಾರೆ. ಇನ್ನೊಂದು, ಅವರ ಪ್ರೋಗ್ರಾಂ ನಿಮ್ಮಲ್ಲಿಗೆ ಬರಲಿ, ಡೇಟಾ ಅವರಲ್ಲಿಗೆ ಹೋಗುವುದು ಬೇಡ. ಸಂಘದ ಕಂಪ್ಯೂಟರಿನಲ್ಲೇ ಓಡಿಸಿ ಉತ್ತರ ಮಾತ್ರ ಒಯ್ಯಲಿ.

ಇಲ್ಲಿ ಒಂದು ಚಂದದ ಲೆಕ್ಕ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಯಾರ ಲೆಕ್ಕವನ್ನೂ ನೋಡದೆ ಎಲ್ಲರ ಮೊತ್ತ ತಿಳಿಯಬಹುದು. ಮೂರು ಮನೆ ಇಟ್ಟುಕೊಳ್ಳಿ. ನಿಜವಾದ ಬಳಕೆ 3, 5, 2. ಪ್ರತಿ ಜೋಡಿ ಮನೆಯೂ ಒಂದು ಗುಟ್ಟಿನ ಅಂಕಿ ಮಾತಾಡಿಕೊಳ್ಳುತ್ತದೆ. ಮೊದಲ ಮನೆ, ಎರಡನೇ ಮನೆ ನಡುವೆ 25. ಮೊದಲನೇ, ಮೂರನೇ ಮನೆ ನಡುವೆ 15. ಎರಡನೇ, ಮೂರನೇ ಮನೆ ನಡುವೆ 10. ಪ್ರತಿ ಜೋಡಿಯಲ್ಲಿ ಒಬ್ಬರು ಆ ಅಂಕಿಯನ್ನು ಕೂಡಿಸುತ್ತಾರೆ, ಇನ್ನೊಬ್ಬರು ಕಳೆಯುತ್ತಾರೆ. ಆಗ ಮೊದಲ ಮನೆ ಕಳಿಸುವುದು 43, ಎರಡನೆಯದು ಮೈನಸ್ 10, ಮೂರನೆಯದು ಮೈನಸ್ 23. ಒಂದೊಂದನ್ನೇ ನೋಡಿದರೆ ಅರ್ಥವಿಲ್ಲದ ಅಂಕಿ. ಮೂರನ್ನೂ ಕೂಡಿಸಿದರೆ 10, ಸರಿಯಾದ ಉತ್ತರ. ಗುಟ್ಟಿನ ಅಂಕಿಗಳೆಲ್ಲ ಒಂದನ್ನೊಂದು ತಿಂದುಕೊಂಡವು. ತೊಂದರೆ ಏನೆಂದರೆ ಒಂದು ಮೀಟರ್ ಆ ಹೊತ್ತಿಗೆ ಕೈಕೊಟ್ಟರೂ ಮೊತ್ತ ಕೆಡುತ್ತದೆ. ಅದಕ್ಕೆ ಬೇರೆ ಏರ್ಪಾಡು ಬೇಕು. ಲಕ್ಷಾಂತರ ಮನೆಯ ಕಂಪನಿಗೆ ಇದು ಸರಿ. ನಿಮಗೆ ಬ್ಲಾಕ್‌ಗೊಂದು ಮೀಟರೇ ಅಗ್ಗ.

ಅಂಕಿಗೆ ಸುಮ್ಮನೆ ಸ್ವಲ್ಪ ಗೌಜು, ಅಂದರೆ ಲಾಟರಿ ಎತ್ತಿದ ಹಾಗೆ ಬಂದ ಹೆಚ್ಚುಕಡಿಮೆ, ಬೆರೆಸಿ ಕೊಡುವ ಪದ್ಧತಿಯೂ ಇದೆ. ಒಂದು ಮನೆ ಮಾಡಬಹುದಾದ ಅತಿ ದೊಡ್ಡ ವ್ಯತ್ಯಾಸ 5 ಕಿಲೋವ್ಯಾಟ್ ಅಂದರೆ ಅಷ್ಟರ ಮಟ್ಟದ ಗೌಜು ಬೇಕು. 200 ಕಿಲೋವ್ಯಾಟ್ ಮೊತ್ತದಲ್ಲಿ ಅದು ಲೆಕ್ಕಕ್ಕಿಲ್ಲ. ಒಂದೇ ಮನೆಯ ಅಂಕಿಯಲ್ಲಾದರೆ ಎಲ್ಲವನ್ನೂ ಮುಳುಗಿಸುತ್ತದೆ. ಆದರೆ ಒಂದೇ ಪ್ರಶ್ನೆಯನ್ನು ನೂರು ಸಲ ಕೇಳಲು ಬಿಟ್ಟರೆ ಸರಾಸರಿಯಲ್ಲಿ ಗೌಜು ಕರಗಿಹೋಗುತ್ತದೆ. ತಿಳಿದವರಿಲ್ಲದೆ ಇದಕ್ಕೆ ಕೈ ಹಾಕಬೇಡಿ.

ಕಾನೂನು ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಪ್ರಶ್ನೆ ಎತ್ತುವ ಹಿರಿಯರನ್ನು ಈ ಊರು ಮೊದಲೂ ಕಂಡಿದೆ ಅಂತ ನಿಮ್ಮ ಕಮಿಟಿಗೆ ನೆನಪಿಸಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುವಂತೆ ಸಮಯ ಕೊಟ್ಟಿದ್ದಾರೆ. ಡೇಟಾ ಯಾಕೆ, ಹೇಗೆ ಬಳಸಬೇಕು ಅಂತ ತೀರ್ಮಾನಿಸುವವರೇ ಹೊಣೆಗಾರರು. ನಿಮ್ಮ ವಿಷಯದಲ್ಲಿ ಅದು ಸಂಘ, ಮೀಟರ್ ಕಂಪನಿ ಅಲ್ಲ. ಒಪ್ಪಿಗೆ ಕೇಳುವುದಾದರೆ ಯಾವ ಕೆಲಸಕ್ಕೆ ಅಂತ ಬಿಡಿಸಿ ಹೇಳಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲು ದಾರಿ ಇರಬೇಕು. ಒಪ್ಪಿಗೆಯ ಪತ್ರವನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು, ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅದು ಅನ್ವಯ. ಜನರಲ್ ಬಾಡಿಯಲ್ಲಿ ಕೈ ಎತ್ತಿಸಿ ಪಾಸ್ ಮಾಡಿಸಿಕೊಂಡೆವು ಅಂದರೆ ಅದು ಆ ಹಿರಿಯರ ಒಪ್ಪಿಗೆ ಆಗುವುದಿಲ್ಲ.

ಹೊರಗಿನ ಎರಡು ಉದಾಹರಣೆ ನಿಮಗೆ ವಾದಕ್ಕೆ ಬರಬಹುದು. ನೆದರ್‌ಲೆಂಡ್ಸ್‌ನಲ್ಲಿ ಎಲ್ಲರಿಗೂ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಮಸೂದೆಯನ್ನು 2009ರಲ್ಲಿ ಅಲ್ಲಿನ ಮೇಲ್ಮನೆ ಖಾಸಗಿತನದ ಕಾರಣಕ್ಕೇ ತಡೆಯಿತು, ಕೊನೆಗೆ ಬೇಡ ಅನ್ನುವ ಹಕ್ಕು ಸೇರಿಸಬೇಕಾಯಿತು. ಇನ್ನೊಂದು ಅಮೆರಿಕದ ಶಿಕಾಗೋ ಬಳಿಯ ನೇಪರ್‌ವಿಲ್ ಊರಿನದು, ನಿಮ್ಮ ಹಾಗೆಯೇ 15 ನಿಮಿಷದ ರೀಡಿಂಗ್. 2018ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು, ಹೀಗೆ ಡೇಟಾ ಸಂಗ್ರಹಿಸುವುದು ಮನೆಯ ಶೋಧನೆಗೆ ಸಮ ಅಂತ ಹೇಳಿತು. ಆದರೂ ಊರಿನ ವಿದ್ಯುತ್ ಜಾಲದ ಕೆಲಸಕ್ಕಷ್ಟೇ ಬಳಸುತ್ತಿದ್ದರಿಂದ ಅದನ್ನು ಒಪ್ಪಿತು. ರೀಡಿಂಗ್ ಇನ್ನೂ ಹತ್ತಿರವಾದರೆ, ಪೊಲೀಸರಿಗೆ ಸುಲಭವಾಗಿ ಸಿಗುವಂತಾದರೆ ತೀರ್ಪು ಬೇರೆ ಆಗಬಹುದು ಅಂತಲೂ ಸೇರಿಸಿತು. ಅಂದರೆ ಮೀಟರ್ ಒಂದೇ ಆದರೂ ಉದ್ದೇಶ ಬದಲಾದರೆ ನ್ಯಾಯವೂ ಬದಲಾಗುತ್ತದೆ. (ಬೆಸ್ಕಾಂ 2025ರ ಫೆಬ್ರವರಿಯಿಂದ ಹೊಸ ಕನೆಕ್ಷನ್‌ಗಳಿಗೆ ಹಾಕುತ್ತಿರುವ ಸ್ಮಾರ್ಟ್ ಮೀಟರ್ ಬಗ್ಗೆಯೂ ಇದೇ ಪ್ರಶ್ನೆ ಕೇಳಬಹುದು. ಕೇಂದ್ರದ 2023ರ ತಿದ್ದುಪಡಿ ನಿಯಮ ದಿನಕ್ಕೆ ಕನಿಷ್ಠ ಒಂದು ಸಲ ದೂರದಿಂದಲೇ ರೀಡಿಂಗ್ ತೆಗೆಯಬೇಕು ಅನ್ನುತ್ತದೆ. ಆದರೆ ಅದು ಬೇರೆ ಉತ್ತರಕ್ಕೆ ಆಗುವಷ್ಟು ದೊಡ್ಡ ವಿಷಯ.)

ಮೀಟರ್ ಕಂಪನಿಯ ಒಪ್ಪಂದವನ್ನು ಈ ವಾರವೇ ತೆಗೆದು ಓದಿ. ಡೇಟಾ ಯಾರ ಸರ್ವರಿನಲ್ಲಿ ಇದೆ, ಬೇರೆಯವರಿಗೆ ಕೊಡಬಹುದಾ, ಒಪ್ಪಂದ ಮುಗಿದ ಮೇಲೆ ಏನಾಗುತ್ತದೆ, ನೋಡಿ. “ಸೇವೆಯನ್ನು ಉತ್ತಮಪಡಿಸಲು ಬಳಸಬಹುದು” ಅನ್ನುವ ಸಾಲು ಕಂಡರೆ ಹೊಡೆದುಹಾಕಿಸಿ, ಆ ಸಾಲಿನೊಳಗೆ ಏನು ಬೇಕಾದರೂ ತೂರುತ್ತದೆ. ಈಗಾಗಲೇ ಸೇರಿರುವ ಕಾಲು ಗಂಟೆ ಡೇಟಾದಲ್ಲಿ ಬಿಲ್ ತಕರಾರಿಗೆ ಅಂತ ಎರಡು ತಿಂಗಳದು ಇಟ್ಟುಕೊಂಡು, ಹಿಂದಿನದನ್ನು ಅಳಿಸಿ, ಅಳಿಸಿದ್ದಕ್ಕೆ ಪತ್ರ ತೆಗೆದುಕೊಳ್ಳಿ. ಲಾಗಿನ್ ಕಮಿಟಿಯಲ್ಲಿ ಇಬ್ಬರಿಗೆ ಸಾಕು, ಬೇರೆ ಬೇರೆ ಪಾಸ್‌ವರ್ಡ್, ಯಾರು ಯಾವಾಗ ತೆರೆದರು ಅನ್ನುವ ದಾಖಲೆ ಇರಲಿ.

ಇನ್ನು ಆ ಹಿರಿಯರಿಗೆ ಏನು ಬರೆಯುವುದು? ಬ್ರಿಟನ್‌ನಲ್ಲಿ ಗ್ರಾಹಕರಿಗೆ ಅರ್ಧ ಗಂಟೆಗೊಂದು, ದಿನಕ್ಕೊಂದು, ತಿಂಗಳಿಗೊಂದು ಅಂತ ಆಯ್ಕೆ ಕೊಟ್ಟಿದ್ದರು. ಅದನ್ನೇ ಇಲ್ಲಿ ಮಾಡಿ, ಎಲ್ಲರಿಗೂ. ಏನೂ ಹೇಳದವರಿಗೆ ದಿನಕ್ಕೊಂದು. ಬೇಡ ಅನ್ನುವವರಿಗೆ ತಿಂಗಳಿಗೊಂದು. ತಾವೇ ನೋಡಿಕೊಳ್ಳಲು ಬೇಕು ಅನ್ನುವವರಿಗೆ 15 ನಿಮಿಷ. “ಅಮ್ಮ, ನಿಮ್ಮ ಮೀಟರನ್ನು ತಿಂಗಳ ರೀಡಿಂಗ್‌ಗೆ ಬದಲಿಸಿದ್ದೇವೆ, ಹಳೆಯದನ್ನು ಇಂಥ ದಿನ ಅಳಿಸಿದ್ದೇವೆ” ಅಂತ ದಿನಾಂಕ ಹಾಕಿ, ಸಹಿ ಮಾಡಿ ನೀವೇ ಹೋಗಿ ಕೊಟ್ಟು ಬನ್ನಿ. ಒಂದು ಮನೆಗೆ ಹಾಗೆ ಮಾಡೋಕೆ ಬರಲ್ಲ ಅಂತ ಮೀಟರ್ ಕಂಪನಿಯವರು ಹೇಳಬಹುದು. ರೀಡಿಂಗ್ ಕಳಿಸುವ ಅವಧಿ ಸಾಮಾನ್ಯವಾಗಿ ಮೀಟರಿನ ಸೆಟ್ಟಿಂಗ್‌ನಲ್ಲೇ ಇರುತ್ತದೆ. ಸೇಲ್ಸಿನವರನ್ನು ಬಿಟ್ಟು, ಮೀಟರ್ ಕೂರಿಸಲು ಬಂದಿದ್ದ ಹುಡುಗನನ್ನು ಕೇಳಿ.